ಹೊತ್ತಿಕೊಳ್ಳದ ಅನಿಲ

ಲಿಂಗಸುಗೂರಿನ ಹೊರಗೆ, ಮಸ್ಕಿ ರಸ್ತೆಯ ಪಕ್ಕದ ಶೆಡ್ಡಿನಲ್ಲಿ ಅರ್ಜುಮಂದ್ ಸೆರಾಮಿಕ್ ಪುಡಿ ತಯಾರಿಸುತ್ತಿದ್ದಳು. ಸೈಲೇನ್ ಎಂಬ ಅನಿಲಕ್ಕೆ ಲೇಸರ್ ಕಿರಣ ತಾಗಿದರೆ ಯಂತ್ರದೊಳಗೆ ಪುಟ್ಟ ಜ್ವಾಲೆ ಏಳುತ್ತಿತ್ತು. ಅದರಿಂದ ಹೊಗೆಯಷ್ಟು ನವಿರಾದ ಪುಡಿ ಬಂದು ಜಾಲರಿಯ ಮೇಲೆ ಕೂರುತ್ತಿತ್ತು.

ಅಂದು ಮಧ್ಯಾಹ್ನ ಸಿಲಿಂಡರ್ ಕೋಣೆಯಿಂದ ಕೆಲಸದಾಳು ವೆಂಕೋಬ ಕೂಗಿದ. "ಮೇಡಂ, ಪೈಪು ಬುಸ್ ಅನ್ನಾಕತ್ತೈತ್ರಿ!"

"ಬೆಂಕಿ ಕಾಣ್ತೈತೇನು?"

"ಇಲ್ರಿ, ಏನೂ ಇಲ್ಲ."

ಅರ್ಜುಮಂದ್ ಆ ಕೋಣೆಯ ಬಾಗಿಲಿಗೆ ಓಡಿದಳು. ಗಾಳಿ ಸೋಕಿದ ಕೂಡಲೇ ಹೊತ್ತಿಕೊಳ್ಳಬೇಕಾದ ಅನಿಲವದು. ಹೊತ್ತಿಕೊಂಡಿಲ್ಲವೆಂದರೆ ಕೋಣೆಯ ತುಂಬ ತುಂಬಿಕೊಳ್ಳುತ್ತಿದೆ, ಯಾವ ಗಳಿಗೆಯಲ್ಲಾದರೂ ಒಮ್ಮೆಲೇ ಸಿಡಿಯಬಹುದು.

ಅವಳು ಹೊರಗೋಡೆಯ ಮೇಲಿದ್ದ, ಅನಿಲ ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ಬುಸುಗುಟ್ಟುವುದು ನಿಂತಿತು. ಆದರೆ ಸೋರಿದ್ದು ಒಳಗೇ ಇತ್ತು. ಬಾಗಿಲಿನಿಂದ ನೋಡಿದರೆ ವೆಂಕೋಬನ ಕೈ ಫ್ಯಾನಿನ ಸ್ವಿಚ್ಚಿನತ್ತ ಹೋಗುತ್ತಿತ್ತು.

"ವೆಂಕೋಬಣ್ಣ, ಸ್ವಿಚ್ ಮುಟ್ಟಬ್ಯಾಡ! ಹೊರಗ ಬಾ!"

ಅವನು ಕೈ ಹಿಂದೆಳೆದುಕೊಂಡು ನಿಂತುಬಿಟ್ಟ. "ಕಾಲ ಬರವಲ್ವುರೀ..." ಎಂದ ಅಳುದನಿಯಲ್ಲಿ.

ಓಡಿಬಿಡಬೇಕೆನಿಸಿತು ಅವಳಿಗೆ. ಪಾದಗಳು ಗೇಟಿನ ಕಡೆ ತಿರುಗಿಯೂ ಇದ್ದವು. ಆದರೂ ಉಸಿರು ಬಿಗಿಹಿಡಿದು ಒಳನುಗ್ಗಿ, ಅವನ ಅಂಗಿಯ ಕಾಲರು ಹಿಡಿದು ಎಳೆದಳು. ಇಬ್ಬರೂ ಅಂಗಳ ದಾಟಿ ತೊಗರಿ ಹೊಲದ ಬದುವಿನಾಚೆ ಬಿದ್ದರು. ಅಷ್ಟರಲ್ಲಿ ನೆಲ ನಡುಗುವಂಥ ಸದ್ದಾಯಿತು. ಶೆಡ್ಡಿನ ತಗಡುಗಳು ಮೇಲಕ್ಕೆ ಹಾರಿದವು.

ಧೂಳು ಇಳಿದಾಗ ವೆಂಕೋಬ ಕಿವಿ ಉಜ್ಜಿಕೊಂಡ. "ಮೇಡಂ, ಏನೋ ಹೇಳಾಕತ್ತೀರಿ, ನನಗ ಕೇಳವಲ್ದು."

ಅವಳು ಇನ್ನೂ "ಬಾ, ಬಾ" ಎನ್ನುತ್ತಲೇ ಇದ್ದಳು. ಕಾಲರು ಹಿಡಿದ ಬೆರಳುಗಳನ್ನು ಅವನೇ ಒಂದೊಂದಾಗಿ ಬಿಡಿಸಬೇಕಾಯಿತು.