ಸಮ ಆದ ಕುಸ್ತಿಯ ಕಡಗ

ಅಫಜಲಪುರದ ಅಖಾಡದಲ್ಲಿ ಆ ದಿನ ಹೆಣ್ಣುಮಕ್ಕಳ ಕುಸ್ತಿ ಒಂದೇ ಒಂದು ಇತ್ತು. ಗೆದ್ದವಳಿಗೆ ಬೆಳ್ಳಿ ಕಡಗ ಎಂದು ಬೆಳಗಿನಿಂದಲೂ ಮೈಕಿನಲ್ಲಿ ಕೂಗುತ್ತಿದ್ದರು. ಕಬ್ಬಿನ ವ್ಯಾಪಾರಿಯೊಬ್ಬರು ಮಾಡಿಸಿಕೊಟ್ಟಿದ್ದ ಆ ಕಡಗವನ್ನು ಪಂಚರ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಇಟ್ಟಿದ್ದರು. ಹೆಬ್ಬೆರಳಿಗಿಂತ ದಪ್ಪ, ಎರಡೂ ತುದಿಗೆ ಸಿಂಹದ ಮುಖ. ಬಿಸಿಲು ಬಿದ್ದಾಗಲೆಲ್ಲ ಹೊಳೆದು ಮುಂದಿನ ಸಾಲಿನವರ ಕಣ್ಣು ಕುಕ್ಕುತ್ತಿತ್ತು.

ಮಣ್ಣಿಗಿಳಿದವರು ಇಬ್ಬರು. ಜೇವರ್ಗಿ ತಾಲೂಕಿನ ಇಜೇರಿಯ ವಿಜಯಶ್ರೀ ಉದ್ದಕ್ಕೆ ತೆಳ್ಳಗಿದ್ದವಳು, ಎದುರಾಳಿ ಕಣ್ಣು ಮಿಟುಕಿಸುವುದರೊಳಗೆ ಕಾಲಿಗೆ ಕೈ ಹಾಕುವವಳು. ಆಳಂದ ತಾಲೂಕಿನ ನರೋಣಾದ ಬಸವೇಶ್ವರಿ ಗಿಡ್ಡಕ್ಕೆ ಗಟ್ಟಿಮುಟ್ಟಾಗಿದ್ದವಳು, ಒಮ್ಮೆ ನೆಲಕ್ಕೆ ಕಾಲೂರಿದರೆ ಅಲುಗದವಳು. ಇಬ್ಬರೂ ಆ ವರ್ಷ ಪಿಯುಸಿಗೆ ಸೇರಿದ್ದರು. ಅದಕ್ಕೂ ಮುಂಚೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಹಲಗೆ ಬಾರಿಸಿದ್ದೇ ತಡ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ವಿಜಯಶ್ರೀ ಕಾಲು ಹಿಡಿದು ಎಳೆದರೆ ಬಸವೇಶ್ವರಿ ಅವಳ ಬೆನ್ನ ಮೇಲೆ ಕೂತು ಒತ್ತುತ್ತಿದ್ದಳು. ಬಸವೇಶ್ವರಿ ಸೊಂಟ ಹಿಡಿದು ಎತ್ತಿದರೆ ವಿಜಯಶ್ರೀ ಹಾವಿನಂತೆ ನುಣುಚಿಕೊಳ್ಳುತ್ತಿದ್ದಳು. ನೆರೆದ ಜನಕ್ಕೆ ಹುಡುಗಿಯರ ಹೆಸರು ಗೊತ್ತಿರಲಿಲ್ಲ. ಅರ್ಧ ಬಯಲು "ಇಜೇರಿ! ಇಜೇರಿ!" ಎಂದು ಕೂಗಿತು, ಇನ್ನರ್ಧ "ನರೋಣಾ! ನರೋಣಾ!" ಎಂದಿತು. ಇಬ್ಬರ ಬೆನ್ನೂ ಮಣ್ಣು ಮುಟ್ಟಲಿಲ್ಲ. ಕೊನೆಗೆ ಹಿರಿಯ ಪಂಚ ಹುಲೆಪ್ಪ ನಡುವೆ ಬಂದು ಇಬ್ಬರ ಕೈಯನ್ನೂ ಎತ್ತಿಹಿಡಿದ.

"ಕುಸ್ತಿ ಸಮ ಆಗ್ಯಾದ್ರೀ! ಇಬ್ರೂ ಗೆದ್ದಾರ!"

ಶಿಳ್ಳೆಗಳು ನಿಂತ ಮೇಲೆ ಎಲ್ಲರ ಕಣ್ಣೂ ಮೇಜಿನ ಕಡೆ ಹೋಯಿತು. ಕಡಗ ಒಂದೇ ಇತ್ತು.

ಹುಲೆಪ್ಪ ತಲೆ ಕೆರೆದುಕೊಂಡ. "ಒಂದ್ ತಿಂಗಳ ಇಕಿ ಇಟ್ಕೊಳ್ಳಿ, ಒಂದ್ ತಿಂಗಳ ಅಕಿ ಇಟ್ಕೊಳ್ಳಿ. ಮುಂದಿಂದು ಮುಂದ ನೋಡೋಣು" ಎಂದು ನಾಣ್ಯ ಹಾರಿಸಿದ. ಮೊದಲ ತಿಂಗಳು ವಿಜಯಶ್ರೀಗೆ ಬಂತು. ಬಸವೇಶ್ವರಿ ಮೈಗೆ ಹತ್ತಿದ ಮಣ್ಣು ಕೊಡವುತ್ತಾ ಅವಳ ಹತ್ತಿರ ಬಂದು, "ನಂಬರ್ ಕೊಡು. ದಿನಾ ಫೋನ್ ಮಾಡ್ತೇನಿ. ಕಡಗ ಹುಷಾರ್" ಎಂದಳು.

ಇಜೇರಿಯಲ್ಲಿ ಮನೆಗೆ ಬಂದವರಿಗೆಲ್ಲ ಕಡಗ ತೋರಿಸುವುದೇ ವಿಜಯಶ್ರೀಯ ತಂದೆ ಚಂದ್ರಾಮನ ಕೆಲಸವಾಯಿತು. ಆದರೆ ಹಾಕಿಕೊಳ್ಳಬೇಕಾದವಳಿಗೆ ಅದು ಆಗುತ್ತಿರಲಿಲ್ಲ. ಗಂಡು ಪೈಲ್ವಾನರ ಮುಂಗೈಗೆ ಮಾಡಿದ ಕಡಗ ಅದು. ವಿಜಯಶ್ರೀ ಕೈ ಎತ್ತಿದರೆ ಮೊಣಕೈಗೆ ಜಾರುತ್ತಿತ್ತು, ಕೈ ಇಳಿಸಿದರೆ ಕಳಚಿ ಬೀಳುತ್ತಿತ್ತು. ಅವಳು ಅದರ ಎರಡು ತುದಿಗೂ ರಬ್ಬರ್ ಬ್ಯಾಂಡ್ ಸುತ್ತಿ ಬಿಗಿಮಾಡಿಕೊಂಡು ಕಾಲೇಜಿಗೆ ಹೋದಳು. ವಾರದಲ್ಲಿ ರಬ್ಬರ್ ತಾಗಿದ ಕಡೆಯೆಲ್ಲ ಕರಿ ಗೆರೆ ಮೂಡಿತು. ಗಾಬರಿಯಾಗಿ ಲಿಂಬೆಹಣ್ಣು, ಉಪ್ಪು ಹಚ್ಚಿ ಪಾತ್ರೆ ತಿಕ್ಕುವ ಜಾಲಿಯಿಂದ ಉಜ್ಜಿದಳು. ಕರಿ ಗೆರೆ ಹೋಯಿತು. ಅದರ ಜಾಗದಲ್ಲಿ ಬೆಕ್ಕು ಪರಚಿದಂಥ ಗೀರುಗಳು ಬಂದವು.

ಆ ಸಂಜೆಯೇ ಬಸವೇಶ್ವರಿಯ ವಿಡಿಯೋ ಕಾಲ್ ಬಂತು.

"ಕಡಗ ತೋರ್ಸು."

ವಿಜಯಶ್ರೀ ದೂರದಿಂದ ತೋರಿಸಿದಳು.

"ಸನೇದಾಗ ತಾ. ಇನ್ನೂ ಸನೇದಾಗ... ಏ, ಸಿಂಹದ ಮಾರಿಗೆ ಏನಾಗ್ಯಾದಬೇ?"

"ಏನಿಲ್ಲ. ಜರಾ ತಿಕ್ಕೇನಿ."

"ತಿಕ್ಕೀದಿ? ಕಲ್ಲಿಗೆ ತಿಕ್ಕೀದೇನು? ಅದು ನಂದೂ ಅದ!"

"ನಿಂದೂ ಅದ ಅಂತ ನನಗ್ಗೊತ್ತಿಲ್ಲೇನು? ನನ್ನ ಕೈಯಾಗ ಅದು ನಿಲ್ಲಂಗೇ ಇಲ್ಲ. ನಿನ್ನ ಕೈಯಾಗೂ ನಿಲ್ಲಂಗಿಲ್ಲ, ಬೇಕಾದ್ರ ಬರದ ಕೊಡ್ತೇನಿ."

ಇಬ್ಬರೂ ಮುಖ ಊದಿಸಿಕೊಂಡರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ವಿಜಯಶ್ರೀಯ ತಾಯಿ ನಿಂಬೆವ್ವ ಎಲ್ಲ ಕೇಳಿಸಿಕೊಂಡಿದ್ದಳು. "ಇಬ್ರಿಗೂ ಆಗಲಾರದ ಕಡಗಕ್ಕ ಯಾಕ ಇಷ್ಟ ಬಡದಾಡ್ತೀರಿ? ಮುರಿಸಿ ಎರಡ ಮಾಡಸ್ರಿ" ಎಂದಳು.

ಫೋನಿನ ಆ ಕಡೆಯಿಂದ ಎಂಥ ಕಿರುಚಾಟ ಬಂತೆಂದರೆ ನಿಂಬೆವ್ವನ ಕೈಯ ರೊಟ್ಟಿ ಹರಿಯಿತು.

"ಎರಡು! ವಿಜಿ, ಎರಡ ಮಾಡಸೋಣು! ಹೆಸರ ಹಾಕಸೋಣು! ನಂದರ ಮ್ಯಾಲ ನನ್ನ ಹೆಸರು, ನಿಂದರ ಮ್ಯಾಲ ನಿಂದು!"

ಅಂದಿನಿಂದ ಫೋನಿನಲ್ಲಿ ಬೇರೆ ಮಾತೇ ಇಲ್ಲವಾಯಿತು. ಇವಳು ಒಂದು ಡಿಸೈನಿನ ಫೋಟೋ ಕಳಿಸಿದರೆ ಅವಳು ಹತ್ತು ಕಳಿಸುತ್ತಿದ್ದಳು. ವಿಜಯಶ್ರೀಗೆ ಗಟ್ಟಿ ಕಡಗವೇ ಬೇಕು, ಬಸವೇಶ್ವರಿಗೆ ಸರಪಳಿಯ ನಡುವೆ ಹೆಸರಿನ ಪಟ್ಟಿ ಇರುವ ಬ್ರೇಸ್ಲೆಟ್ ಬೇಕು. ಅಕ್ಷರ ದುಂಡಗೆ ಇರಬೇಕೋ ಓರೆಯಾಗಿ ಇರಬೇಕೋ ಎಂಬುದರ ಮೇಲೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಮತ್ತೆ ಶುರುವಾಯಿತು.

ಭಾನುವಾರ ಬಸವೇಶ್ವರಿ ನರೋಣಾದಿಂದ ಕಲಬುರಗಿಗೆ, ಅಲ್ಲಿಂದ ಜೇವರ್ಗಿಗೆ ಬಸ್ಸು ಬದಲಿಸಿ ಬಂದಳು. ವಿಜಯಶ್ರೀ ತಾಯಿಯ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಇಬ್ಬರೂ ಎದುರಾದಾಗ ಅಪ್ಪಿಕೊಳ್ಳಬೇಕೋ ಪಟ್ಟು ಹಾಕಬೇಕೋ ತಿಳಿಯದೆ ಒಂದು ಗಳಿಗೆ ನಿಂತರು. ಆಮೇಲೆ ಕೈ ಹಿಡಿದುಕೊಂಡೇ ಪತ್ತಾರ ಓಣಿಗೆ ಓಡಿದರು. ನಿಂಬೆವ್ವ ಸೀರೆಯ ಸೆರಗು ಎಳೆದುಕೊಳ್ಳುತ್ತಾ ಹಿಂದೆ ಹಿಂದೆ ನಡೆದಳು.

ಬೆಳ್ಳಿ ಕೆಲಸದ ಜಗದೇವ ಪತ್ತಾರ ನಿಂಬೆವ್ವನ ಮದುವೆಯ ಕಾಲುಂಗುರ ಮಾಡಿದವನು. ಕಡಗವನ್ನು ತಿರುಗಿಸಿ ಮುರುಗಿಸಿ ನೋಡಿ, ಗೀರುಗಳ ಮೇಲೆ ಉಗುರು ಆಡಿಸಿ, "ಇದನ್ನ ಯಾರು ಹಿಂಗ ಕೆರದಾರ?" ಎಂದು ಕೇಳಿದ. ವಿಜಯಶ್ರೀ ಬೀದಿಯ ಕಡೆ ನೋಡಿದಳು.

ಅಷ್ಟರಲ್ಲಿ ಬಸವೇಶ್ವರಿಯ ಫೋನು ಸದ್ದು ಮಾಡಿತು. ಅವಳ ತಂದೆ ಶಾಂತಲಿಂಗಪ್ಪ ನರೋಣಾದಲ್ಲಿ ತೊಗರಿ ವ್ಯಾಪಾರ ಮಾಡುವವರು. ಮಗಳ ಕುಸ್ತಿ ಸಮ ಆದಾಗಿನಿಂದ ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸುತ್ತಿದ್ದರು. "ಸ್ಪೀಕರ್ ಹಾಕು. ಪತ್ತಾರ್ರು ಕೇಳಾಕತ್ತಾರೇನು? ಹಾಂ, ಬರ್ಕೊಳ್ರಿ" ಎಂದು ಗಂಟಲು ಸರಿಮಾಡಿಕೊಂಡರು. "ಮ್ಯಾಲ ಶ್ರೀ ಬಸವೇಶ ಪ್ರಸನ್ನ. ಅದರ ಕೆಳಗ ಕುಮಾರಿ ಬಸವೇಶ್ವರಿ, ತಂದಿ ಶಾಂತಲಿಂಗಪ್ಪ, ಮುಕ್ಕಾಂ ಪೋಸ್ಟ್ ನರೋಣಾ, ತಾಲೂಕ ಆಳಂದ, ಜಿಲ್ಲಾ ಕಲಬುರಗಿ. ಕುಸ್ತಿಯಲ್ಲಿ ಸಮಬಲ ಸಾಧಿಸಿದ್ದಕ್ಕಾಗಿ."

ಜಗದೇವ ಪತ್ತಾರ ಮೂಗಿನ ಮೇಲಿನ ಕನ್ನಡಕ ತೆಗೆದ. "ಸಾವಕಾರ್ರ, ಇಷ್ಟೆಲ್ಲಾ ಬರೀಬೇಕಂದ್ರ ಕೈಗೆ ಹಾಕೋದಲ್ರಿ, ತಲಿ ಮ್ಯಾಲ ಹೊರೋ ಕೊಡಪಾನ ಬೇಕಾಗ್ತದ."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಪತ್ತಾರ ಗರಗಸದ ತೆಳುವಾದ ಅಲಗನ್ನು ಕಡಗದ ನಡುಮಧ್ಯಕ್ಕೆ ಹಿಡಿದ. "ತಡೀರಿ ಕಾಕಾ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಇಡೀ ಕಡಗದ ಕೊನೆಯ ಫೋಟೋ ತೆಗೆದರು. ಬಸವೇಶ್ವರಿ ಒಂದು ಸಿಂಹ ಹಿಡಿದಳು, ವಿಜಯಶ್ರೀ ಇನ್ನೊಂದು. "ಈಗ ಕೊಯ್ರಿ" ಎಂದರು.

ಗರಗಸ ಆಡತೊಡಗಿತು. ಬಿಳಿ ಪುಡಿ ಉದುರಿತು. ಆಮೇಲೆ ಇದ್ದಕ್ಕಿದ್ದಂತೆ ಕಂದು ಪುಡಿ ಉದುರಿತು. ಪತ್ತಾರ ಕೈ ನಿಲ್ಲಿಸಿದ, ಇನ್ನೆರಡು ಸಲ ಎಳೆದು ಕಡಗವನ್ನು ಎರಡು ಮಾಡಿ ಒಳಗನ್ನು ಅವರ ಕಡೆ ತಿರುಗಿಸಿದ. ಮೇಲೆ ಬೆಳ್ಳಿಯ ತೆಳು ತಗಡು, ಒಳಗೆಲ್ಲ ಅರಗು.

ಬಸವೇಶ್ವರಿ ಒಂದು ತುಂಡನ್ನು ಕೈಗೆತ್ತಿಕೊಂಡಳು. "ಮೋಸ ಮಾಡ್ಯಾರೇನ್ರಿ ನಮಗ?"

"ಮೋಸ ಅಲ್ಲಬೇ ಮಗಳ" ಎಂದ ಪತ್ತಾರ. "ಇಷ್ಟ ದಪ್ಪ ಕಡಗ ಪೂರಾ ಬೆಳ್ಳೀಲೆ ಮಾಡಿದ್ರ ಕೈ ಎತ್ತಾಕ ಬರಂಗಿಲ್ಲ. ಮೊದಲಿಂದ್ಲೂ ಹಿಂಗೇ ಅರಗು ತುಂಬಿ ಮಾಡ್ತಾರ. ಆದ್ರ ಖರೇ ಹೇಳಬೇಕಂದ್ರ, ಎರಡು ಗಟ್ಟಿ ಕಡಗ ಆಗೋವಷ್ಟು ಬೆಳ್ಳಿ ಇದ್ರಾಗ ಇಲ್ಲ."

"ಒಂದ್ ಆಗ್ತದೇನ್ರಿ?" ನಿಂಬೆವ್ವ ಕೇಳಿದಳು.

"ಒಂದು ಚಂದಂಗ ಆಗ್ತದ."

ವಿಜಯಶ್ರೀ ಬಸವೇಶ್ವರಿಯನ್ನು ನೋಡಿದಳು. ಅಖಾಡದಲ್ಲಿ ಅಷ್ಟು ಹೊತ್ತು ಒಬ್ಬರನ್ನೊಬ್ಬರು ಹಿಡಿದು ನಿಂತಾಗ ಎದುರಾಳಿಯ ಉಸಿರು ಎಲ್ಲಿ ಸೋಲುತ್ತದೆ ಎಂದು ಇಬ್ಬರೂ ಕಾದಿದ್ದರು. ಈಗಲೂ ಒಂದು ಗಳಿಗೆ ಹಾಗೆಯೇ ಇತ್ತು. ಆಮೇಲೆ ವಿಜಯಶ್ರೀ, "ಗಟ್ಟಿ ಕಡಗ ಬ್ಯಾಡ. ಇಕಿ ಹೇಳಿದ್ದೇ ಮಾಡ್ರಿ. ಸರಪಳಿ, ನಡಬರಕ ಸಣ್ಣ ಪಟ್ಟಿ. ಅವಾದ್ರ ಎರಡಾಗ್ತಾವಲ್ರಿ?" ಎಂದಳು.

ಪತ್ತಾರ ಎರಡೂ ತುಂಡು ಕಾಯಿಸಿ ಅರಗು ಇಳಿಸಿ ತೂಗಿದ. "ಆಗ್ತಾವ. ಪಟ್ಟಿ ತೊಗರಿಕಾಯಿಗಿಂತ ದೊಡ್ಡದು ಆಗಂಗಿಲ್ಲ. ಮೂರಕ್ಷರ ಹಿಡೀತಾವ, ಹೆಚ್ಚಿಗಿಲ್ಲ."

ಬಸವೇಶ್ವರಿ ಕುಣಿದೇಬಿಟ್ಟಳು. ಫೋನಿನಲ್ಲಿ ತಂದೆಗೆ ವಿಷಯ ತಿಳಿಸಿದಾಗ ಶಾಂತಲಿಂಗಪ್ಪ ಬಹಳ ಹೊತ್ತು ಯೋಚಿಸಿ, "ಹಂಗಾದ್ರ ಜಿಲ್ಲಾ ಬಿಡ್ರಿ" ಎಂದರು.

ಮೂರೇ ಅಕ್ಷರದಲ್ಲಿ ಏನು ಬರೆಸುವುದು? ಪತ್ತಾರ ಬೆಳ್ಳಿ ಕರಗಿಸಿ ಸರಪಳಿ ಹೆಣೆಯುವಷ್ಟರಲ್ಲಿ ಯೋಚಿಸಿ ಬನ್ನಿ ಎಂದು ಕಳಿಸಿದ. ಮೂವರೂ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತರಿಸಿಕೊಂಡು ಕೂತರು.

"ಬಸ್ಸಿ ಅಂತ ಬರಸು" ಎಂದಳು ವಿಜಯಶ್ರೀ.

"ಒದೀತೇನಿ ನೋಡು. ಬಸ್ಸಿ ಅಂತ ಬರಸ್ಕೊಂಡು ಬಸ್ಸಿನಾಗ ಹತ್ತಿದ್ರ ಕಂಡಕ್ಟರ್ ಸುದ್ದಾ ನಗ್ತಾನ." ಬಸವೇಶ್ವರಿ ಮೇಜಿನ ಮೇಲೆ ಚೆಲ್ಲಿದ ನೀರಿನಲ್ಲಿ ಬೆರಳಿನಿಂದ ತನ್ನ ಹೆಸರು ಬರೆದಳು, ಮೊದಲಿನ ಅಕ್ಷರಗಳನ್ನು ಒರೆಸಿದಳು, ಮತ್ತೇನೋ ತಿದ್ದಿದಳು. ಕಣ್ಣು ಅರಳಿದವು. "ಈಶ್ವರಿ! ಬರೋಬರಿ ಮೂರಕ್ಷರ. ಯಾರೂ ನನ್ನ ಹಂಗ ಕರದಿಲ್ಲ. ಇವತ್ತಿನಿಂದ ನೀವ್ ಕರೀರಿ. ಕಾಕಿ, ಒಮ್ಮಿ ಕರೀರಿ ನೋಡೋಣು."

"ಈಶ್ವರಿ, ಮಿರ್ಚಿ ತಿನ್ನು, ಆರಿ ಹೋಗಾಕತ್ತದ" ಎಂದಳು ನಿಂಬೆವ್ವ.

ವಿಜಯಶ್ರೀಯ ಆಯ್ಕೆ ಆಗಲೇ ಮುಗಿದಿತ್ತು. "ಇಜೇರಿ" ಎಂದಳು.

ನಿಂಬೆವ್ವ ಹುಬ್ಬು ಏರಿಸಿದಳು. "ಊರ ಹೆಸರು ಬಸ್ಸಿನ ಬೋರ್ಡಿನ ಮ್ಯಾಲ ಇರ್ತದ. ಕೈ ಮ್ಯಾಲ ಯಾರು ಬರಸ್ತಾರಬೇ?"

"ಯವ್ವಾ, ಆವತ್ತು ಇಕಿ ನನ್ನ ನೆಲಕ್ಕ ಒತ್ತಿದಾಗ ನಂದು ಮುಗೀತು ಅಂತನಾ ತಿಳ್ಕೊಂಡಿದ್ದೆ. ಅಷ್ಟರಾಗ ಆ ಮಂದಿ ಇಜೇರಿ ಇಜೇರಿ ಅಂತ ಒದರಿದ್ರು ನೋಡು, ಎಲ್ಲಿಂದ ಬಲ ಬಂತೋ, ಎದ್ದ ನಿಂತೆ. ನನ್ನ ಆ ಹೆಸರೀಲೆ ಯಾವತ್ತೂ ಯಾರೂ ಕರದಿದ್ದಿಲ್ಲ."

ತಾಯಿ ತನ್ನ ತಟ್ಟೆಯ ಮಿರ್ಚಿಯನ್ನು ಮಗಳ ತಟ್ಟೆಗೆ ಹಾಕಿದಳು.

ಅಂಗಡಿಯಲ್ಲಿ ಪತ್ತಾರ ಮೊದಲು ಕಾಗದದ ಮೇಲೆ ಬರೆದು ತೋರಿಸಿದ. 'ಇಜೇರಿ' ಸಲೀಸಾಗಿ ಕೂತಿತು. 'ಈಶ್ವರಿ'ಯ ವ ಒತ್ತು ಮಾತ್ರ ಪಟ್ಟಿಯಿಂದ ಕೆಳಗೆ ಜೋತುಬಿತ್ತು. ಪತ್ತಾರ ಆ ಪಟ್ಟಿಯ ಹೊಟ್ಟೆಯನ್ನು ಚೂರು ಉಬ್ಬಿಸಿ ತಟ್ಟಿ ಒತ್ತಿಗೂ ಜಾಗ ಮಾಡಿದ. ಚಿಕ್ಕ ಉಳಿ ಬೆಳ್ಳಿಯ ಮೇಲೆ ಟಿಕ್ ಟಿಕ್ ಎಂದು ನಡೆಯುವಾಗ ಹುಡುಗಿಯರು ಅವನ ಎರಡೂ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. "ಉಸರ ಬಿಡ್ರಬೇ, ನನ್ನ ಕಿವ್ಯಾಗಲ್ಲ, ಆ ಕಡೆ ಬಿಡ್ರಿ" ಎಂದು ಪತ್ತಾರ ಬೈದ.

ಕೊನೆಗೆ ಎರಡನ್ನೂ ಮೆತ್ತಗಿನ ಬಟ್ಟೆಯಿಂದ ಒರೆಸಿ ಇಬ್ಬರ ಕೈಗೂ ಹಾಕಿದ. ಮುಂಗೈಗೆ ಸರಿಯಾಗಿ ಕೂತವು. ಬಿಗಿಯಾಗಲಿಲ್ಲ, ಜಾರಲಿಲ್ಲ. ವಿಜಯಶ್ರೀ ಕೈ ಎತ್ತಿದಳು, ಇಳಿಸಿದಳು, ಜಾಡಿಸಿದಳು. ಸರಪಳಿ ಅಲ್ಲೇ ನಿಂತಿತು. ಅವಳಿಗೆ ಯಾಕೋ ಕಣ್ಣು ತುಂಬಿ ಬಂದು, ನಗುವೂ ಬಂದು, ಎರಡನ್ನೂ ಮುಚ್ಚಿಕೊಳ್ಳಲು ಬಸವೇಶ್ವರಿಯ ಬೆನ್ನಿಗೆ ಒಂದು ಗುದ್ದು ಹಾಕಿದಳು.

"ಕೇಳ್ರಿಲ್ಲೆ" ಎಂದ ಪತ್ತಾರ. "ಬೆವರು ಹತ್ತಿದ್ರ ಒರಸ್ರಿ. ಕುಸ್ತಿಗೆ ಇಳಿಯೂ ಮುಂದ ತಗೀರಿ. ತಗದಿದ್ದು ಹತ್ತಿ ಅರಿವ್ಯಾಗ ಸುತ್ತಿ ಇಡ್ರಿ. ರಬ್ಬರ್ ಹತ್ರ ತರಬ್ಯಾಡ್ರಿ. ಲಿಂಬಿ ಬ್ಯಾಡ, ಉಪ್ಪು ಬ್ಯಾಡ, ಜಾಲಿ ಅಂತೂ ಬ್ಯಾಡೇ ಬ್ಯಾಡ. ಕಪ್ಪಾದ್ರ ಚೂರು ವಿಭೂತಿ ಹಚ್ಚಿ ಹಗೂರಕ ಒರಸ್ರಿ. ಜೋರ್ ತಿಕ್ಕಿದ್ರ ಅಕ್ಷರ ಸವೀತಾವ."

"ಇಕಿಗೆ ಹೇಳ್ರಿ ಕಾಕಾ, ಇಕಿಗೆ" ಎಂದಳು ಬಸವೇಶ್ವರಿ.

ಮಳೆಗಾಲ ಮುಗಿದ ಮೇಲೆ ಆಳಂದದಲ್ಲಿ ಕುಸ್ತಿ ಏರ್ಪಟ್ಟಿತು. ಇಬ್ಬರ ಜೋಡಿಯೇ ಮತ್ತೆ ಬಿತ್ತು. ಮಣ್ಣಿಗಿಳಿಯುವ ಮುಂಚೆ ಇಬ್ಬರೂ ಬ್ರೇಸ್ಲೆಟ್ ತೆಗೆದು ನಿಂಬೆವ್ವನ ಕೈಗೆ ಕೊಟ್ಟರು. ಅವಳು ಎರಡನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿ ಮುಂದಿನ ಸಾಲಿನಲ್ಲಿ ಕೂತಳು. ಪಕ್ಕದಲ್ಲೇ ಶಾಂತಲಿಂಗಪ್ಪ ನಿಂತಿದ್ದರು; ಕೂಡುವಷ್ಟು ಸಮಾಧಾನ ಅವರಿಗಿರಲಿಲ್ಲ.

ಈ ಸಲ ಕುಸ್ತಿ ಬೇಗ ಮುಗಿಯಿತು. ವಿಜಯಶ್ರೀ ಕಾಲಿಗೆ ಕೈ ಹಾಕುವುದನ್ನೇ ಕಾದಿದ್ದ ಬಸವೇಶ್ವರಿ ಪಕ್ಕಕ್ಕೆ ಸರಿದು, ಅವಳ ಹೆಗಲು ಹಿಡಿದು ತಿರುಗಿಸಿ ಬೆನ್ನನ್ನು ಮಣ್ಣಿಗೆ ಮುಟ್ಟಿಸಿದಳು. ಬಯಲೆಲ್ಲ ಎದ್ದು ನಿಂತಿತು. ವಿಜಯಶ್ರೀಗೆ ಆಕಾಶ ಕಂಡಿತು, ಆಮೇಲೆ ಅದಕ್ಕೆ ಅಡ್ಡ ಬಂದ ಬಸವೇಶ್ವರಿಯ ಮುಖ ಕಂಡಿತು.

ವಿಜಯಶ್ರೀ ಅತ್ತದ್ದು ಖರೆ. ತಾಯಿಯ ಪಕ್ಕದಲ್ಲಿ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತಳು. ಹಾರ ಹಾಕಿಸಿಕೊಂಡ ಬಸವೇಶ್ವರಿ ಅಲ್ಲಿಗೇ ಬಂದು ನಿಂಬೆವ್ವನ ಸೆರಗಿನ ಗಂಟು ಬಿಚ್ಚಿದಳು. ಸರಪಳಿಯ ಕೊಂಡಿ ಸಣ್ಣದು. ಒಂದೇ ಕೈಯಿಂದ ಅದನ್ನು ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವಳು ವಿಜಯಶ್ರೀಯ ಕೈಯ ಮಣ್ಣನ್ನು ತನ್ನ ಅಂಗಿಗೆ ಒರೆಸಿ 'ಇಜೇರಿ'ಯನ್ನು ಮೊದಲು ಹಾಕಿದಳು, ಆಮೇಲೆ ತನ್ನ ಕೈ ಚಾಚಿದಳು.

ವಿಜಯಶ್ರೀ ಮೂಗು ಒರೆಸಿಕೊಂಡು ಕೊಂಡಿ ಹಾಕಿದಳು.

"ಮುಂದಿನ ಕುಸ್ತಿ ಎಲ್ಲೆಬೇ ಈಶ್ವರಿ?"

"ನಿಮ್ಮ ಜೇವರ್ಗ್ಯಾಗ. ಬಹುಮಾನ ಏನ್ ಇಟ್ಟಾರ ಗೊತ್ತದೇನು? ಗದಾ! ಬೆಳ್ಳಿ ಗದಾ!"

"ಖರೇ?"

"ಖರೇ ಅಂದ್ರ ಖರೇ. ಹೆಸರು ಇವತ್ತೇ ಬರ್ಕೊಳ್ಳಾಕತ್ತಾರ, ಅಲ್ಲಿ ಪೆಂಡಾಲದಾಗ."

ವಿಜಯಶ್ರೀ ಎದ್ದು ನಿಂತಳು. ಬೆನ್ನಿನ ಮಣ್ಣು ಕೊಡವಲೂ ನಿಲ್ಲದೆ ಪೆಂಡಾಲಿನ ಕಡೆ ಓಡಿದಳು. "ತಡಿ, ನಾನೂ ಬರ್ತೇನಿ!" ಎಂದು ಬಸವೇಶ್ವರಿ ಕೊರಳ ಹಾರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವಳ ಹಿಂದೆ ಓಡಿದಳು.