ಅಗ್ಗದ ಕ್ಯಾಮೆರಾ

ಫೋನ್ ಬಂದದ್ದೇ ನಬೀಲಾಗೆ ಕೂತಲ್ಲಿ ಕೂರಲಾಗಲಿಲ್ಲ. ಗಂಡನ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರಿಗೆಂದು ಅವಳು ಕೆಲಸ ಮಾಡುವ ಕೌಂಟಿ, ಅಂದರೆ ಅಲ್ಲಿನ ಜಿಲ್ಲಾಡಳಿತ, ಒಂದು ಮನೆ ಇಟ್ಟಿತ್ತು. ಅದರ ವಿಳಾಸ ಗುಟ್ಟು, ಬಾಗಿಲಿಗೆ ಒಂದು ಬೋರ್ಡೂ ಇಲ್ಲ. ಆ ಮನೆಯ ಗೇಟಿಗೆ ಕ್ಯಾಮೆರಾ ಕೊಳ್ಳುವ ಟೆಂಡರು ಬರೆದವಳು ಇವಳೇ.

ಬರೆದಳು ಅಂದರೆ, ನಕಲು ಮಾಡಿದಳು. ಖರೀದಿ ಆಫೀಸಿನ ಪದ್ಧತಿಯೇ ಹಾಗೆ: ಹಳೆಯ ಟೆಂಡರು ತೆಗೆ, ಹೆಸರು ಬದಲಿಸು, ಕಳಿಸು. ಇವಳ ಕೈಗೆ ಸಿಕ್ಕಿದ್ದು ಪಾರ್ಕಿನ ಬಾತುಕೋಳಿ ಕೊಳದ ಕ್ಯಾಮೆರಾದ್ದು. ಬಾತುಕೋಳಿಯನ್ನು ಯಾರು ನೋಡಿದರೇನು? ಪಾಸ್‌ವರ್ಡಿನ ಮಾತೇ ಅದರಲ್ಲಿರಲಿಲ್ಲ. ಬರೆದ ಷರತ್ತು ಒಪ್ಪಿ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದವನಿಗೆ ಕೊಡಬೇಕೆಂಬುದು ನಿಯಮ; ಕೊಟ್ಟರು. ಕೇಳದೇ ಇದ್ದದ್ದನ್ನು ಅವನೇನು ಪುಕ್ಕಟೆ ಕೊಡುತ್ತಾನೆಯೇ?

ಈಗ ಕಂಪ್ಯೂಟರ್ ವಿಭಾಗದ ರಘೋತ್ತಮ ಫೋನ್ ಮಾಡಿದ್ದ. "ಎಲ್ಲಾ ಕ್ಯಾಮೆರಾಗೂ ಒಂದೇ ಪಾಸ್‌ವರ್ಡು ಹಾಕಿ ಕಳ್ಸಿದ್ದಾರೆ ಕಣ್ರೀ. ಅದು ಇಂಟರ್ನೆಟ್ಟಲ್ಲಿ ಯಾರಿಗ್ ಬೇಕಾದ್ರೂ ಸಿಗುತ್ತೆ."

ಬೆರ್ರಿಯೆಸಾ ಬಡಾವಣೆಯ ತನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲೇ ನಿಂತು ನಬೀಲಾ ಲ್ಯಾಪ್‌ಟಾಪಿನಲ್ಲಿ ಆ ಪಾಸ್‌ವರ್ಡು ಒತ್ತಿದಳು. ಗೇಟು ಕಂಡಿತು. ಅದರಾಚೆ ಬೀದಿಯ ಹೆಸರಿನ ಫಲಕವೂ ಓದುವಷ್ಟು ಸ್ಪಷ್ಟವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಪರದೆಯ ಮೂಲೆಯಲ್ಲಿ, ಈಗ ಮೂವರು ನೋಡುತ್ತಿದ್ದಾರೆ ಎಂದಿತ್ತು.

"ನೀವೂ ನೋಡ್ತಿದ್ದೀರಾ?" ಎಂದು ರಘೋತ್ತಮನನ್ನು ಕೇಳಿದಳು.

"ಇಲ್ಲಪ್ಪ, ಪರ್ಮಿಷನ್ ಇಲ್ದೆ ನಾನು ಮುಟ್ಟಲ್ಲ."

ಅವನ ಫೋನಿಟ್ಟು ಆ ಮನೆಯ ಮೇಲ್ವಿಚಾರಕಿ ರಂಜನಿಗೆ ಮಾಡಿದಳು. "ಅಕ್ಕಾ, ಕ್ಯಾಮೆರಾ ನಿಮ್ಮ ಕಂಪ್ಯೂಟರಲ್ಲಿ ಓಪನ್ ಇದೆಯಾ?"

"ಹೂಂ, ನನ್ ಟೇಬಲ್ ಮೇಲೇ. ಇದೊಂದರಲ್ಲೇ. ಯಾಕೆ?"

ರಂಜನಿ ಒಬ್ಬಳು, ತಾನೊಬ್ಬಳು. ಮೂರನೆಯವನು ಯಾರ ಗಂಡನೋ. ನಬೀಲಾ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ತಡಿ, ಈಗ್ಲೇ ವೈರ್ ಕಿತ್ತು ಹಾಕ್ತೀನಿ," ಎಂದಳು ರಂಜನಿ.

"ಕಿತ್ರೆ ನೋಡಿದ್ದು ಹೋಗುತ್ತಾ ಅಕ್ಕಾ? ಎಲ್ಲರನ್ನೂ ಕರ್ಕೊಂಡು ಹಿಂದಿನ ಬಾಗಿಲಿಂದ ಹೊರಡಿ."

ರಂಜನಿ ಯಾರನ್ನೋ ಕೂಗಿ ಮಕ್ಕಳಿಗೆ ಶೂ ಹಾಕಲು ಹೇಳಿದ್ದು ಕೇಳಿಸಿತು. "ಎವರ್‌ಗ್ರೀನ್ ಏರಿಯಾ ಕಡೆ ನಮ್ದು ಇಂಥದ್ದೇ ಇನ್ನೊಂದು ಮನೆ ಇದೆಯಲ್ಲ, ಅಲ್ಲಿಗೆ ಕರ್ಕೊಂಡು ಹೋಗ್ತೀನಿ."

ನಬೀಲಾ ಕಣ್ಣು ಮುಚ್ಚಿಕೊಂಡಳು.

"ಅಲ್ಲಿಗೆ ಬೇಡ ಅಕ್ಕಾ. ಅಲ್ಲೂ ಅದೇ ಕ್ಯಾಮೆರಾ, ಅದೂ ನನ್ನ ಟೆಂಡರೇ," ಎಂದಳು. "ನಮ್ಮನೆಗೆ ಕರ್ಕೊಂಡು ಬನ್ನಿ."