ಹಾತೊ ಕಲಿತ ‘ಬೇಡ’

ಸೊಂಟ ಮುರಿದ ಮೇಲೆ ಶಿಗೆನೊ ಅಜ್ಜಿಯನ್ನು ಕನ್ನಾವಾ ಕೇರಿಯ ಹೆಂಗಸರೆಲ್ಲ ಕೂಡಿ ಮೀಯುವ ಬಿಸಿನೀರ ತೊಟ್ಟಿಗೆ ಎತ್ತಿ ಇಳಿಸಲು ಒಬ್ಬರು ಬೇಕಾಯಿತು. ಊರಿನ ವಾರ್ಡು ಕಚೇರಿಯವರು ಹಾತೊ ಎಂಬ ರೋಬೋಟನ್ನು ಕಳಿಸಿದರು. ಮೆತ್ತನೆಯ ಕೈ, ನಗುಮುಖ. ಆದರೂ ಅಜ್ಜಿ ಸ್ನಾನಕ್ಕೆ ಹೋಗಲೊಲ್ಲಳು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಹಟ ಹಿಡಿದು ಕೂತಿದ್ದಳು.

ಯಾಕೆಂದರೆ ಯಾರು ಏನು ಕೇಳಿದರೂ ಹಾತೊ ‘ಸಂತೋಷ’ ಎನ್ನುತ್ತಿತ್ತು. ಪಕ್ಕದ ಮನೆಯ ಮೀನಿನ ವ್ಯಾಪಾರಿ ತೊರಾಜೊ ದಿನಾ ಬಂದು ಅದನ್ನು ತಬ್ಬಿ ಕೆನ್ನೆ ಸವರುತ್ತಿದ್ದ. ಅದಕ್ಕೂ ‘ಸಂತೋಷ’ವೇ.

“ಅದ್ಕೇ ಇಷ್ಟ ಇದೆ, ನಿಂಗ್ಯಾಕಕ್ಕಾ ಹೊಟ್ಟೆ ಉರಿ?” ಎಂದ ತೊರಾಜೊ.

“ಮುಚ್ಚೋ ಬಾಯಿ! ವಸತಿಗೃಹದಲ್ಲಿ ಆಯುಷ್ಯವೆಲ್ಲಾ ನಿನ್ನಂಥೋರಿಗೆ ಅಕ್ಕಿಹೆಂಡ ಬಗ್ಗಿಸಿದೀನಿ. ಕೈ ಎಳೆದ್ರೂ ನಗ್ತಾ ‘ಸಂತೋಷ’ ಅಂದಿದೀನಿ. ಆ ಸಂತೋಷದ ರುಚಿ ನಂಗೊತ್ತು.”

‘ಬೇಡ’ ಎನ್ನಲಾರದವರ ಕೈಯಲ್ಲಿ ಮೈ ತೊಳೆಸಿಕೊಳ್ಳುವುದು ಪಾಪ ಎಂದೇ ಅವಳಿಗೆ ಅನಿಸಿತ್ತು. ಸರಿ, ಪಾಠ ಶುರುವಾಯಿತು.

“ಹಿಡಿಸ್ದೇ ಇದ್ರೆ ಬೇಡ ಅನ್ನು, ತಿಳೀತಾ?”

“ಸಂತೋಷ ಅಜ್ಜಿ.”

ಅಜ್ಜಿ ಹಣೆ ಚಚ್ಚಿಕೊಂಡಳು. ವಾರಗಟ್ಟಲೆ ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಕೊನೆಗೆ ಮೈ ಕಡಿತ ತಾಳಲಾರದೆ, ಮನಸ್ಸಿಲ್ಲದ ಮನಸ್ಸಿನಿಂದ ಹಾತೊ ತಳ್ಳುವ ಗಾಲಿಕುರ್ಚಿಯಲ್ಲಿ ಸ್ನಾನಕ್ಕೆ ಹೊರಟಳು.

ಅಲ್ಲಿ ತೊಟ್ಟಿಗಿಳಿಯುವ ಮೊದಲು ಜೊತೆಗಾರರ ಬೆನ್ನು ನೀವು ತೊಳೆಯಬೇಕು, ನಿಮ್ಮದನ್ನು ಅವರು. ಬರೀ ತೊಳೆಸಿಕೊಂಡು ಎದ್ದವಳನ್ನು ಕೇರಿಯ ಹೆಂಗಸರು ಸುಮ್ಮನೆ ಬಿಡುವುದಿಲ್ಲ. ಅಜ್ಜಿ ಬಟ್ಟೆಗೆ ಸೋಪು ಹಚ್ಚಿ ಕರೆದಳು: “ತಿರುಗು, ಮೊದ್ಲು ನಿನ್ ಬೆನ್ನು.”

“ಬೇಡ ಅಜ್ಜಿ,” ಎಂದಿತು ಹಾತೊ.

ಸುತ್ತಲ ಹೆಂಗಸರೆಲ್ಲ ಇತ್ತ ತಿರುಗಿದರು. “ಗುರುವಿಗೇ ತಿರುಮಂತ್ರ!” ಎಂದು ಒಬ್ಬಳು ಕಿಸಕ್ಕೆಂದಳು. ನನ್ನ ಕೈಯೇ ಬೇಡವಾಯಿತೇ ಇದಕ್ಕೆ ಎಂದು ಅಜ್ಜಿಗೆ ಮೊದಲು ಸಿಟ್ಟೇ ಬಂತು. ಆಮೇಲೆ ಎದೆ ತುಂಬಿ ಬಂತು.

“ನಾ ಕಲಿಸಿದ್ದಕ್ಕೆ ಹಂಗಂದ್ಯೋ, ನಿಜವಾಗ್ಲೂ ಬೇಡ್ವೋ?”

“ಗೊತ್ತಿಲ್ಲ ಅಜ್ಜಿ.”

“ಇರ್ಲಿ ಬಿಡು. ಮೊದಲ್ನೇ ಸಲ ಬೇಡ ಅಂದಾಗ ನಂಗೂ ಗೊತ್ತಿರ್ಲಿಲ್ಲ. ಅಂದ್ಮೇಲೇ ಗೊತ್ತಾಗಿದ್ದು.”

ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟಳು. ಹಾತೊ ಅವಳ ಮುಂದೆ ಮಂಡಿಯೂರಿತು.

“ಈಗ ನಿಮ್ಮನ್ನ ಮುಟ್ಲಾ ಅಜ್ಜಿ? ಎತ್ಕೊಳ್ಲಾ?”

ಎದುರಿಗೇ ನೀರು ಹಬೆಯಾಡುತ್ತಿತ್ತು, ಮೈಯೆಲ್ಲ ಕಡಿಯುತ್ತಿತ್ತು. ಆದರೆ ಅವಳ ಮಾತಿಗಾಗಿ ಒಬ್ಬರು ಹೀಗೆ ಕಾದು ಕೂತದ್ದು ಈ ಜನ್ಮದಲ್ಲಿ ಇದೇ ಮೊದಲು. ಅಜ್ಜಿ ಆರಾಮಾಗಿ ಕಾಲು ಚಾಚಿದಳು.

“ತಡಿಯೇ,” ಎಂದಳು. “ಯೋಚ್ನೆ ಮಾಡಿ ಹೇಳ್ತೀನಿ.”